ಒಂದು ಮೋಟಾರ್ ಸೈಕಲ್ಲಿನ ಜೀರ್ಣೋದ್ಧಾರ

ನಮ್ಮ ನಾಡಿನ ಹಳೆಯ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದದ್ದೇ. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ದತ್ತಿ ಬಿಡುವಾಗ ಅಂಗಭೋಗ ರಂಗಭೋಗಗಳ ಜೊತೆಗೆ ಇದನ್ನೂ ಹೇಳುವುದು ವಾಡಿಕೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಸವೆದು ಹಳತಾದದ್ದು. ಇವನ್ನು ಮತ್ತೆ ಮೇಲೆತ್ತಿ ನಿಲ್ಲಿಸುವುದು ಉದ್ಧಾರ. ತಾವು ಕಟ್ಟಿದ್ದು ಒಂದು ದಿನ ಒಡೆಯುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಆ ದಿನಕ್ಕೆಂದು ಇಷ್ಟು ಗದ್ದೆ ತೆಗೆದಿರಿಸಿದ ವಿವೇಕ ನಮ್ಮ ಹಿರಿಯರದು. ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ನಾನು ಈ ಮಾತಿಗೆ ಅರ್ಥ ಹೇಳಿದ್ದೇನೆ. ಅದರ ಅರ್ಥ ನನಗೇ ಮನದಟ್ಟಾದದ್ದು ಮಾತ್ರ ನಿವೃತ್ತಿಯಾದ ಮೇಲೆ, ಒಂದು ಗುಜರಿ ಅಂಗಡಿಯ ತಕ್ಕಡಿಯ ಮುಂದೆ.

ನಮ್ಮ ತಂದೆಯವರು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪಶುವೈದ್ಯರಾಗಿದ್ದರು. 1967ರಲ್ಲಿ ಒಂದು ಜಾವಾ ಮೋಟಾರ್ ಸೈಕಲ್ಲನ್ನು ಕೊಂಡರು. ಕರು ಅಡ್ಡವಾಯಿತೆಂದು ನಡುರಾತ್ರಿ ಯಾರಾದರೂ ಬಂದು ಬಾಗಿಲು ತಟ್ಟಿದರೆ, ಆ ಗಾಡಿಯ ಮೇಲೆ ಔಷಧಿಯ ಚೀಲ ನೇತುಹಾಕಿಕೊಂಡು ಹೊರಡುತ್ತಿದ್ದರು. ಏಳು ವರ್ಷದ ನಾನು ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತು ಅವರೊಡನೆ ತಿರುಗಿದ ಹಳ್ಳಿಗಳು ಎಷ್ಟೋ. 1986ರಲ್ಲಿ ಅವರ ಕೈ ಸೋತಿತು; ಗಾಡಿ ಕೊಟ್ಟಿಗೆ ಸೇರಿತು. 1991ರಲ್ಲಿ ಅವರು ತೀರಿಕೊಂಡರು. ಆಮೇಲೊಂದು ಮಳೆಗಾಲದಲ್ಲಿ ಕೊಟ್ಟಿಗೆಯ ಗೋಡೆ ಕುಸಿದು ಗಾಡಿಯ ಮೇಲೆ ಬಿತ್ತು. ಯಾರೂ ಎತ್ತಲಿಲ್ಲ. ತಾಯಿ ಹೋದ ಮೇಲೆ, 2021ರಲ್ಲಿ, ಊರಿನ ಮನೆಯನ್ನು ತೆರವು ಮಾಡಿಸುವಾಗ ಗುಜರಿಯವನು ಬಂದು, ‘ಹಳೇ ಕಬ್ಬಿಣ ಎಲ್ಲಾ ಎತ್ಕೊಂಡು ಹೋಗ್ಲಾ ಸಾರ್?’ ಎಂದು ಕೇಳಿದ. ನಾನು ಹೂಂ ಎಂದೆ. ಇದನ್ನು ಮರೆಮಾಚಿ ಕಥೆ ಹೇಳುವುದು ನ್ಯಾಯವಲ್ಲ. ಹುಳು ತಿಂದ ಓಲೆಗರಿಯೊಂದನ್ನು ಒಲೆಗೆ ಹಾಕಿದವರ ಮೇಲೆ ತರಗತಿಯಲ್ಲಿ ಸಿಡುಕುತ್ತಿದ್ದ ಮನುಷ್ಯ, ತನ್ನ ತಂದೆಯ ಇಪ್ಪತ್ತು ವರ್ಷದ ದುಡಿಮೆಯ ಸಾಕ್ಷಿಯನ್ನು ಕಿಲೋ ಲೆಕ್ಕದಲ್ಲಿ ಕೊಟ್ಟುಬಿಟ್ಟಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಗುಜರಿ ಅಂಗಡಿಗೆ ಹೋದೆ. ಗಾಡಿ ತಕ್ಕಡಿಯ ಪಕ್ಕದಲ್ಲಿ ಮಲಗಿತ್ತು. ಅವನು ನನಗೆ ಕೊಟ್ಟ ಬೆಲೆಯ ನಾಲ್ಕರಷ್ಟನ್ನು ಕೊಟ್ಟು ಅದನ್ನು ಮರಳಿ ಕೊಂಡೆ. ವ್ಯಾಪಾರದಲ್ಲಿ ನನಗಾದ ನಷ್ಟ ಅಷ್ಟೇ. ಇನ್ನೊಂದು ನಷ್ಟ ತಪ್ಪಿತು.

ಈ ಗಾಡಿಯ ಹುಟ್ಟಿನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಇದ್ದರು. ಅವರದು ಶಸ್ತ್ರಾಸ್ತ್ರಗಳ ಕಾರ್ಖಾನೆ. ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷ ಕಳೆದ ಮೇಲೆ ಬಂದೂಕಿಗೆ ಬೇಡಿಕೆ ತಗ್ಗಿತು. ಯಂತ್ರಗಳೂ ಕುಶಲಿಗಳೂ ಸುಮ್ಮನೆ ಕೂರುವಂತಾಯಿತು. 1929ರಲ್ಲಿ ಅವರು ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿ.ಸಿ. ಮೋಟಾರ್ ಸೈಕಲ್ಲೊಂದರ ತಯಾರಿಕೆಯ ಹಕ್ಕನ್ನು ಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿದಾಗ ಆದದ್ದೇ ಜಾವಾ. ಆ ಮೊದಲ ಗಾಡಿ ದುಬಾರಿಯಾಗಿತ್ತು. 1932ರಲ್ಲಿ ವಿಲಿಯರ್ಸ್ ಎಂಜಿನ್ನಿನ 175 ಸಿ.ಸಿ. ಗಾಡಿ ಬಂದಮೇಲೆ ಜನಸಾಮಾನ್ಯರ ಕೈಗೆ ಜಾವಾ ಎಟುಕಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ, ಜಾವಾದ ಎಂಜಿನಿಯರುಗಳು ಗುಟ್ಟಾಗಿ ಒಂದು ಹೊಸ 250 ಸಿ.ಸಿ. ಗಾಡಿಯನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಪ್ಯಾರಿಸ್ ಪ್ರದರ್ಶನದಲ್ಲಿ ಅದು ಜಗತ್ತಿಗೆ ಕಾಣಿಸಿಕೊಂಡಿತು. ಯಾನೆಚೆಕ್ ಅದನ್ನು ನೋಡಲು ಉಳಿದಿರಲಿಲ್ಲ. ಅವರು 1941ರಲ್ಲೇ ತೀರಿಕೊಂಡಿದ್ದರು. ಕಾರ್ಖಾನೆ ರಾಷ್ಟ್ರೀಕರಣವಾಯಿತು. ಆ ಯುದ್ಧಕಾಲದ ಗಾಡಿಯ ವಂಶದಲ್ಲೇ 1954ರಲ್ಲಿ 353 ಎಂಬ ಮಾದರಿ ಬಂತು. ನಮ್ಮ ತಂದೆಯವರ ಗಾಡಿ ಆ ಮಾದರಿಯದೇ.

ಅದು ಮೈಸೂರಿಗೆ ಬಂದ ಬಗೆಯೂ ಇತಿಹಾಸದ ಒಂದು ಪುಟ. ಸ್ವಾತಂತ್ರ್ಯಾನಂತರ, ವಿದೇಶೀ ವಿನಿಮಯದ ಕೊರತೆಯ ದಿನಗಳಲ್ಲಿ, ಸಿದ್ಧ ವಾಹನಗಳನ್ನು ಹೊರಗಿನಿಂದ ತರಿಸುವುದಕ್ಕೆ ಸರ್ಕಾರ ತಡೆ ಹಾಕಿತು. ಬೇಕಾದರೆ ಇಲ್ಲಿಯೇ ಮಾಡಿರಿ ಎಂಬುದು ನೀತಿ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಆರಂಭವಾದದ್ದು ಹೀಗೆಯೇ. ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ಮಾರುತ್ತಿದ್ದ ಇರಾನಿ ಮನೆತನದವರು ತಯಾರಿಕೆಗೆ ಮೈಸೂರನ್ನು ಆರಿಸಿಕೊಂಡರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪಿತವಾಯಿತು. ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಹಿಂದೆ ಮಹಾರಾಜರಾಗಿದ್ದು, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರತೊಡಗಿದವು. ನಾನು ಈ ಮಾತುಗಳನ್ನು ಆಡುತ್ತಿರುವ ಆಕಾಶವಾಣಿ ನಿಲಯವೂ ಅದೇ ಯಾದವಗಿರಿಯಲ್ಲಿದೆ. ಒಂದು ಕಾಲದಲ್ಲಿ ಮೈಸೂರಿನ ಎರಡು ಧ್ವನಿಗಳು ಒಂದೇ ಬಡಾವಣೆಯಿಂದ ನಾಡಿಗೆಲ್ಲ ಹರಡುತ್ತಿದ್ದವು ಎಂದು ತಮಾಷೆಗೆ ಹೇಳಬಹುದು.

1973ರಿಂದ ಗಾಡಿಯ ಮೇಲಿನ ಹೆಸರು ಯೆಜ್ದಿ ಎಂದಾಯಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ರಾಜ್ಯದ ಹೆಸರೂ ಬದಲಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಕಾಲೇಜು ಹುಡುಗರ ಕನಸಾಯಿತು. 1984-85ರ ಹೊತ್ತಿಗೆ ಗಾಳಿ ತಿರುಗಿತು. ಜಪಾನಿನ ಸಹಯೋಗದ 100 ಸಿ.ಸಿ. ಗಾಡಿಗಳು ಮಾರುಕಟ್ಟೆಗೆ ಇಳಿದವು. ಅವು ಹಗುರ, ಪೆಟ್ರೋಲಿನ ಖರ್ಚು ಕಡಿಮೆ. ಹೊಗೆಯ ಮೇಲಿನ ನಿಯಮಗಳೂ 1990ರ ದಶಕದಲ್ಲಿ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ, ಎರಡೂ ಹೆಸರುಗಳು ಬೇರೊಂದು ಕಂಪನಿಯ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಆದರೆ ಯಾದವಗಿರಿಯಲ್ಲಿ ಹೊತ್ತು ಹೇಳುತ್ತಿದ್ದ ಕಾರ್ಖಾನೆಯ ಸೈರನ್ನು ಮರಳಲಿಲ್ಲ.

ನನಗೆ ದೊರೆತ ಮೇಸ್ತ್ರಿಗಳು ಆ ಕಾರ್ಖಾನೆಯಲ್ಲಿ 1970ರಲ್ಲಿ ಸೇರಿ, ಮುಚ್ಚುವವರೆಗೂ ಎಂಜಿನ್ ಜೋಡಿಸುವ ವಿಭಾಗದಲ್ಲಿದ್ದವರು. ಎಪ್ಪತ್ತು ದಾಟಿದೆ. ಮನೆಯ ಮುಂದಿನ ತಗಡಿನ ಚಪ್ಪರವೇ ಅವರ ಕಾರ್ಯಾಗಾರ. ನನ್ನ ಗಾಡಿಯನ್ನು ಟೆಂಪೋದಿಂದ ಇಳಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಆ ತೂತಿನಿಂದ ಸಿಲಿಂಡರಿನೊಳಕ್ಕೆ ಒಂದಿಷ್ಟು ಡೀಸೆಲ್ ಸುರಿದು, ‘ಸೀಜ್ ಆಗಿದೆ ಮೇಷ್ಟ್ರೇ. ಸತ್ತಿಲ್ಲ, ಮುನಿಸ್ಕೊಂಡಿದೆ. ಒಂದು ವಾರ ಬಿಟ್ಟು ಬನ್ನಿ’ ಎಂದರು. ವಾರ ಮೂರಾಯಿತು. ಪ್ರತಿದಿನ ಅಷ್ಟಷ್ಟು ಡೀಸೆಲ್ಲು. ನಾನು ಅವಸರಪಟ್ಟು ಕಿಕ್ಕರ್ ಮೇಲೆ ಕಾಲಿಡಲು ಹೋದಾಗ ತಡೆದರು. ‘ಬಲ ತೋರಿಸಿದ್ರೆ ಒಳಗೆ ಮುರಿಯೋದು ಹೊರಗೆ ಕಾಣಲ್ಲ.’ ಕೊನೆಗೆ ಸಿಲಿಂಡರನ್ನು ಹೊರತೆಗೆದು, ಪಿಸ್ಟನ್ನಿನ ತಲೆಯ ಮೇಲೆ ಮರದ ತುಂಡಿಟ್ಟು, ಮೆಲ್ಲಗೆ ತಟ್ಟಿ, ಎರಡನ್ನೂ ಬೇರೆ ಮಾಡಿದರು.

ಬಿಚ್ಚುವುದೆಂದರೆ ಗ್ರಂಥಸಂಪಾದನೆಯಂತೆಯೇ ಶಿಸ್ತಿನ ಕೆಲಸ ಎಂಬುದು ನನಗೆ ಅಲ್ಲಿ ತಿಳಿಯಿತು. ಹಳೆಯ ಪಂಚೆಯೊಂದನ್ನು ಹಾಸಿ, ಬಿಚ್ಚಿದ ಪ್ರತಿ ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಇಡಬೇಕು. ನಾನು ಓಲೆಗಳಿಗೆ ಸಂಖ್ಯೆ ಕೊಡುವ ಹಾಗೆ ಒಂದೊಂದಕ್ಕೂ ಸಂಖ್ಯೆ ಕೊಟ್ಟು, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡೆ. ಡಿಪ್ಲೊಮಾ ಓದುತ್ತಿದ್ದ ಮೇಸ್ತ್ರಿಗಳ ಮೊಮ್ಮಗಳು ಅಳತೆಗಳನ್ನು ಹೇಳುತ್ತಿದ್ದಳು. ಮೇಸ್ತ್ರಿಗಳು ಅದಕ್ಕೆ ಭಾಷ್ಯ ಹೇಳುತ್ತಿದ್ದರು. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ ಹುಟ್ಟಿದಾಗ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಸವೆದಾಗ ಗೋಡೆಯನ್ನು ಕಾಲು ಮಿಲಿಮೀಟರಿನಷ್ಟು ಕೊರೆದು ದೊಡ್ಡದು ಮಾಡಿ, ಅದಕ್ಕೆ ಹೊಂದುವ ಪಿಸ್ಟನ್ ಹಾಕುತ್ತಾರೆ. ನಮ್ಮದು 65.50ರಲ್ಲಿತ್ತು. ‘ಎರಡು ಸಲ ಬೋರ್ ಆಗಿದೆ. ನಿಮ್ಮ ತಂದೆ ತುಂಬಾ ಓಡ್ಸಿದಾರೆ’ ಎಂದರು ಮೇಸ್ತ್ರಿಗಳು. ತಂದೆಯವರು ದಿನಚರಿ ಬರೆದವರಲ್ಲ. ಅವರು ತಿರುಗಿದ ಸಾವಿರಾರು ಮೈಲಿಗಳ ದಾಖಲೆ ಈ ಅರ್ಧ ಮಿಲಿಮೀಟರಿನಲ್ಲಿ ಉಳಿದಿತ್ತು.

ಎರಡು ಹೊಡೆತದ ಎಂಜಿನ್ನಿನ ಗುಟ್ಟು ಅದರ ಉಸಿರಿನಲ್ಲಿದೆ. ಇದಕ್ಕೆ ಕವಾಟಗಳಿಲ್ಲ. ಪಿಸ್ಟನ್ನು ಮೇಲೇರುವಾಗ ಕೆಳಗಿನ ಕ್ರ್ಯಾಂಕಿನ ಕೋಣೆ ಗಾಳಿ-ಪೆಟ್ರೋಲುಗಳ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನು ಒತ್ತಿ, ಪಕ್ಕದ ದಾರಿಗಳ ಮೂಲಕ ಮೇಲಕ್ಕೆ ಕಳಿಸುತ್ತದೆ. ಆದ್ದರಿಂದ ಆ ಕೋಣೆಯಲ್ಲಿ ಕೂದಲೆಳೆಯಷ್ಟೂ ಸೋರಿಕೆ ಕೂಡದು. ಕ್ರ್ಯಾಂಕಿನ ಎರಡು ಕಡೆ ಇರುವ ಆಯಿಲ್ ಸೀಲುಗಳು ಗಟ್ಟಿಯಾಗಿ ಒಡೆದಿದ್ದರೆ ಹೊರಗಾಳಿ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ನು ಕಾದು ಕಚ್ಚಿಕೊಳ್ಳುತ್ತದೆ. ಹೊಳೆಯುವ ಬಣ್ಣ ಬಳಿದು, ಈ ಎರಡು ರಬ್ಬರಿನ ಬಳೆಗಳನ್ನು ಬದಲಾಯಿಸದೆ ಬಿಟ್ಟ ಗಾಡಿಗಳನ್ನು ಮೇಸ್ತ್ರಿಗಳು ‘ಮದುವೆ ಮನೆ ಕುದುರೆ’ ಎನ್ನುತ್ತಿದ್ದರು: ನೋಡಲು ಚೆಂದ, ದೂರದ ಪ್ರಯಾಣಕ್ಕಲ್ಲ.

ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ನು, ಹೊಸ ಕನೆಕ್ಟಿಂಗ್ ರಾಡು ಕೂರಿಸಿ, ಮತ್ತೆ ಒತ್ತಿ ಒಂದುಗೂಡಿಸಿದರು. ಅದು ನೇರವಾಗಿ ತಿರುಗುತ್ತಿದೆಯೇ ಎಂದು ನೋಡಲು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ತೋರಿಸುವ ಗಡಿಯಾರದಂಥ ಮಾಪಕ ಬೇಕು. ಮಾಪಕದ ಮುಳ್ಳು ಹೆಚ್ಚು ಅಲುಗಿದರೆ ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು, ಮತ್ತೆ ನೋಟ, ಮತ್ತೊಂದು ಪೆಟ್ಟು. ಈ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಎಷ್ಟು ಜೋರಾಗಿ ಹೊಡೆಯಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೋದೆ. ‘ಅದನ್ನ ಬರೆಯಕ್ಕಾಗಲ್ಲ ಮೇಷ್ಟ್ರೇ, ಕೈಗೆ ಬರಬೇಕು’ ಎಂದು ಸುತ್ತಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟರು.

ಪಕ್ಕದ ಸಾಮಾನುಪೆಟ್ಟಿಗೆಯಲ್ಲಿ, ಜೇಡರ ಬಲೆಯ ನಡುವೆ, ದನಗಳಿಗೆ ಚುಚ್ಚುಮದ್ದು ಕೊಡುವ ಸೂಜಿಯೊಂದು ಸಿಕ್ಕಿತು. ಅದರ ರಂಧ್ರವನ್ನು ಶುಚಿಮಾಡುವ ಸಣ್ಣ ತಂತಿಯೂ ಜೊತೆಯಲ್ಲಿತ್ತು. ಇದೇಕೆ ಇಲ್ಲಿ ಎಂದು ನಾನು ಯೋಚಿಸುತ್ತಿದ್ದರೆ ಮೇಸ್ತ್ರಿಗಳು ನಕ್ಕರು. ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸ ಕೂತರೆ ಗಾಡಿ ನಿಲ್ಲುತ್ತದೆ. ತಂದೆಯವರು ದಾರಿಯಲ್ಲಿ ಆ ತಂತಿಯಿಂದಲೇ ಅದನ್ನು ಬಿಡಿಸಿಕೊಳ್ಳುತ್ತಿದ್ದಿರಬೇಕು. ನಾನು ತುಸು ಹೊತ್ತು ಹೊರಗೆ ಹೋಗಿ ನಿಂತು ಬಂದೆ.

ನಿಜವಾದ ಸಂಕಟ ಬಂದದ್ದು ಚಾಸಿಯ ವಿಷಯದಲ್ಲಿ. ಗೋಡೆ ಬಿದ್ದ ಪೆಟ್ಟಿಗೆ ಅದು ಬಾಗಿತ್ತು. ತಳದ ಕೊಳವೆಯನ್ನು ತುಕ್ಕು ತಿಂದು ಬಿರುಕು ಬಿಟ್ಟಿತ್ತು. ಖಂಡವೂ ಹೌದು, ಸ್ಫುಟಿತವೂ ಹೌದು. ಹಳೆಯ ಭಾಗಗಳನ್ನು ಹುಡುಕುತ್ತ ಬೆಂಗಳೂರಿಗೆ ಹೋದಾಗ ವ್ಯಾಪಾರಿಯೊಬ್ಬರು ಬೇರೊಂದು ಗಾಡಿಯ ಚಾಸಿಯನ್ನು ತೋರಿಸಿದರು. ಗಟ್ಟಿಮುಟ್ಟಾಗಿತ್ತು, ಬೆಲೆಯೂ ಹೆಚ್ಚಲ್ಲ. ‘ಇದರ ನಂಬರ್ ಉಜ್ಜಿ, ನಿಮ್ಮ ನಂಬರ್ ಗುದ್ದಿ ಕೊಡ್ತೀವಿ. ಯಾರಿಗೂ ಗೊತ್ತಾಗಲ್ಲ’ ಎಂದರು. ಅದು ಕಾನೂನಿಗೆ ವಿರುದ್ಧವೆಂದು ನನಗೆ ಗೊತ್ತಿತ್ತು. ಆದರೂ ಆ ಸಂಜೆ ಬಸ್ಸಿನಲ್ಲಿ ಮೈಸೂರಿಗೆ ಬರುವಾಗ ನನ್ನ ಮನಸ್ಸು ಒಪ್ಪಿಗೆಯ ಕಡೆಗೇ ವಾಲುತ್ತಿತ್ತು. ಆಗಲೇ ಹತ್ತು ತಿಂಗಳು ಕಳೆದಿದ್ದವು, ಪಿಂಚಣಿಯ ಹಣ ಸಾಕಷ್ಟು ಖರ್ಚಾಗಿತ್ತು. ಎಂಜಿನ್ನು ನಮ್ಮದೇ, ಟ್ಯಾಂಕು ನಮ್ಮದೇ. ಕೆಳಗಿನ ಕಬ್ಬಿಣ ಯಾರದಾದರೇನು?

ಶಾಸನಶಾಸ್ತ್ರದಲ್ಲಿ ಕೂಟಶಾಸನ ಎಂಬ ಮಾತುಂಟು. ಯಾವುದೋ ಭೂಮಿಯ ಮೇಲೆ ಹಕ್ಕು ಸಾಧಿಸಲು, ನೂರಾರು ವರ್ಷ ಹಿಂದಿನ ರಾಜನ ಹೆಸರಿನಲ್ಲಿ ಆಮೇಲಿನವರು ಬರೆಸಿಕೊಂಡ ಸುಳ್ಳು ದಾಖಲೆ ಅದು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ಅವರು ಕೂಟವೆಂದು ತಳ್ಳಿಹಾಕಿದ್ದು, ರೈಸ್ ಅವರು ಅದನ್ನು ಒಪ್ಪದಿದ್ದದ್ದು, ಅದರ ಮೇಲೆ ನಡೆದ ದೀರ್ಘ ವಾದ ಇವೆಲ್ಲ ನಾನು ವರ್ಷ ವರ್ಷವೂ ಪಾಠ ಮಾಡಿದ ವಿಷಯ. ಕೂಟಶಾಸನದ ಕೆಡುಕು ಅದರಲ್ಲಿರುವ ಒಂದು ಸುಳ್ಳಿನಲ್ಲಿ ಮುಗಿಯುವುದಿಲ್ಲ. ಅದು ಸಿಕ್ಕಿಬಿದ್ದಾಗ ಅದರ ಜೊತೆಯಲ್ಲಿರುವ ನಿಜವಾದ ಶಾಸನದ ಮೇಲೂ ಸಂಶಯ ಹರಡುತ್ತದೆ. ಸುಳ್ಳು ಸಂಖ್ಯೆಯ ಚಾಸಿಯ ಮೇಲೆ ಕೂತ ಮೇಲೆ, ಆ ಅರ್ಧ ಮಿಲಿಮೀಟರಿಗೂ ಆ ಸೂಜಿಗೂ ಸಾಕ್ಷಿಯ ಬೆಲೆ ಎಲ್ಲಿಂದ ಬರಬೇಕು? ಅಲ್ಲದೆ ಉಜ್ಜಿಹಾಕಬೇಕಾದ ಆ ಇನ್ನೊಂದು ಸಂಖ್ಯೆಯೂ ಯಾರೋ ಒಬ್ಬರ ತಂದೆಯ ಗಾಡಿಯದೇ ಇದ್ದೀತು.

ಬೇಡವೆಂದು ಹೇಳಿ ಕಳಿಸಿದೆ. ಮೇಸ್ತ್ರಿಗಳು ಆವರೆಗೆ ಈ ಬಗ್ಗೆ ತುಟಿ ಬಿಚ್ಚಿರಲಿಲ್ಲ. ನಿರ್ಧಾರ ಕೇಳಿದ ಮೇಲೆ, ‘ನೀವು ಅದನ್ನ ತಂದಿದ್ರೆ ನಾನು ಮುಂದಕ್ಕೆ ಕೆಲಸ ಮಾಡ್ತಿರ್ಲಿಲ್ಲ’ ಎಂದರು. ಬಾಗಿದ್ದನ್ನು ಅಚ್ಚಿಗೆ ಕಟ್ಟಿ ನೇರ ಮಾಡಿಸಿದರು. ಕೆಟ್ಟ ಕೊಳವೆಯನ್ನು ಕತ್ತರಿಸಿ, ಒಳಗೊಂದು ಉಕ್ಕಿನ ತುಂಡು ತೂರಿಸಿ, ನುರಿತ ವೆಲ್ಡರೊಬ್ಬರಿಂದ ಬೆಸುಗೆ ಹಾಕಿಸಿದರು. ಬೆಸುಗೆಯ ಗಂಟನ್ನು ಉಜ್ಜಿ ನುಣುಪು ಮಾಡಬೇಡಿ ಎಂದು ನಾನು ಕೇಳಿಕೊಂಡೆ. ಕಳೆದುಹೋದ ಅಕ್ಷರವನ್ನು ಸಂಪಾದಕ ಊಹಿಸಿ ತುಂಬಿದಾಗ ಅದನ್ನು ಕಂಸದಲ್ಲಿ ತೋರಿಸುವುದಿಲ್ಲವೆ? ಈ ಗಂಟು ಅಂಥದೊಂದು ಕಂಸ. ಎಲ್ಲಿಯವರೆಗೆ ಹಳೆಯದು, ಎಲ್ಲಿಂದ ನಾವು ಮಾಡಿದ್ದು ಎಂಬುದು ನೋಡಿದವರಿಗೆ ತಿಳಿಯಬೇಕು.

ಇನ್ನು ಕಾಗದಪತ್ರದ ಕೆಲಸ. 1988ರ ಮೋಟಾರು ವಾಹನ ಕಾಯಿದೆಯಂತೆ ಇಂಥ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮದು ಎಂವೈ ಎಂದು ಆರಂಭವಾಗುವ, ಮೈಸೂರು ರಾಜ್ಯದ ಕಾಲದ ಸಂಖ್ಯೆ. ತಂದೆಯವರ ಮರಣ ಪ್ರಮಾಣಪತ್ರ, ತಂಗಿಯ ಒಪ್ಪಿಗೆ, ತೆರಿಗೆಯ ಬಾಕಿ ಎಲ್ಲವನ್ನೂ ಹೊಂದಿಸಿಕೊಂಡು ಹೋದೆ. ಅಲ್ಲಿ ಚಾಸಿಯ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಸೀಸದಕಡ್ಡಿಯಿಂದ ತಿಕ್ಕಿ ಅಚ್ಚು ತೆಗೆದರು. ಬಂಡೆಗೆ ಒದ್ದೆ ಕಾಗದ ಹೊದಿಸಿ, ಮಸಿ ಸವರಿ, ಶಾಸನದ ಪಡಿಯಚ್ಚು ತೆಗೆಯುವುದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದ ನಾನು, ಕಾಗದದ ಮೇಲೆ ಆ ಅಂಕಿಗಳು ಒಂದೊಂದಾಗಿ ಮೂಡುವುದನ್ನು ಉಸಿರು ಹಿಡಿದು ನೋಡಿದೆ. ಹಳೆಯ ಪುಸ್ತಕದಲ್ಲಿದ್ದ ಸಂಖ್ಯೆಗೂ ಇದಕ್ಕೂ ತಾಳೆಯಾಯಿತು. ಬೇರೆ ಚಾಸಿ ತಂದಿದ್ದರೆ ಆ ಕ್ಷಣದಲ್ಲಿ ನನ್ನ ಮುಖ ಹೇಗಿರುತ್ತಿತ್ತೋ, ಹೇಳಲಾರೆ.

2023ರಲ್ಲಿ ಗಾಡಿ ರಸ್ತೆಗೆ ಇಳಿಯಿತು. ಜಾವಾದ ವಿಶೇಷವೆಂದರೆ ಗೇರಿನ ಸನ್ನೆಯೇ ಕಿಕ್ಕರ್ ಕೂಡ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಎದ್ದು ನಿಲ್ಲುತ್ತದೆ. ಏಳನೆಯ ಒದೆತಕ್ಕೆ ಎಂಜಿನ್ನು ಮಾತನಾಡಿತು. ಎಲ್ಲವೂ ಸರಿಯಾಗಿದೆ ಎನ್ನುವಂತಿಲ್ಲ. ಆರು ವೋಲ್ಟಿನ ದೀಪ ಸಂಜೆಯ ಹಣತೆಯಷ್ಟೇ ಬೆಳಕು ಕೊಡುತ್ತದೆ. ಹೊಗೆಯೂ ಇದೆ, ಆದ್ದರಿಂದ ದಿನವೂ ಓಡಿಸುವುದಿಲ್ಲ. ತಿಂಗಳಿಗೆರಡು ಬಾರಿ, ಮತ್ತು ಜುಲೈ ತಿಂಗಳ ಎರಡನೆಯ ಭಾನುವಾರ ಈ ಗಾಡಿಗಳ ಅಭಿಮಾನಿಗಳು ಕೂಡುವಾಗ, ಹೊರತೆಗೆಯುತ್ತೇನೆ. ಆ ದಿನ ಬರುವವರಲ್ಲಿ ಬಹುಮಂದಿ ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದ ಹುಡುಗರು.

ಮೊದಲ ಸಲ ಒಬ್ಬನೇ ಕೋಟೆಯ ದಾರಿ ಹಿಡಿದಾಗ ಒಂದು ಪ್ರಮಾದವಾಗಲಿತ್ತು. ಈ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಇಪ್ಪತ್ತೈದು ಭಾಗಕ್ಕೆ ಒಂದು ಭಾಗ. ಈಗಿನ ಬಂಕುಗಳಲ್ಲಿ ಅದನ್ನು ನೆನಪಿಸುವವರಿಲ್ಲ. ನಾನು ಬರಿಯ ಪೆಟ್ರೋಲು ತುಂಬಿಸಿಕೊಂಡು ಹೊರಟುಬಿಟ್ಟೆ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ನೆನಪಾಗಿ, ಮೈ ಬೆವೆತು, ನಿಲ್ಲಿಸಿದೆ. ಇನ್ನು ಸ್ವಲ್ಪ ದೂರ ಹೋಗಿದ್ದರೆ ಹದಿನಾಲ್ಕು ತಿಂಗಳ ಕೆಲಸ ಮತ್ತೆ ಕಚ್ಚಿಕೊಳ್ಳುತ್ತಿತ್ತು. ಜೀರ್ಣೋದ್ಧಾರವನ್ನು ಶಾಸನಗಳು ಒಂದು ಸಲದ ದಾನವಾಗಿ ಹೇಳದೆ, ವರ್ಷವರ್ಷವೂ ಉತ್ಪತ್ತಿ ಬರುವ ಭೂಮಿಯನ್ನೇ ಬಿಟ್ಟಿದ್ದೇಕೆಂಬುದು ಆ ರಸ್ತೆಬದಿಯಲ್ಲಿ ಹೊಳೆಯಿತು.

ಚೀಲದಲ್ಲಿ ಎಣ್ಣೆಯ ಡಬ್ಬಿಯಿತ್ತು. ತಂದೆಯವರ ಔಷಧಿ ಪೆಟ್ಟಿಗೆಯಲ್ಲಿ ಉಳಿದಿದ್ದ ಅಳತೆಯ ಗಾಜಿನ ಲೋಟವೂ ಇತ್ತು. ಲೀಟರಿಗೆ ನಲವತ್ತು ಮಿಲಿಲೀಟರಿನಂತೆ, ಗೆರೆ ನೋಡಿ ಅಳೆದು ಸುರಿದೆ. ಗಾಡಿಯನ್ನು ಎರಡು ಕೈಯಲ್ಲಿ ಹಿಡಿದು ಚೆನ್ನಾಗಿ ಅಲುಗಾಡಿಸಿದೆ. ಆಮೇಲೆ ಹೊರಟೆ.